ಮಾರೆವ್ವನ ಹೋಳಿಗೆ

ಕಾರಟಗಿಯ ಫುಟ್‌ಬಾಲ್ ತಂಡವೇ ವರ್ಷಾ ವರ್ಷಾ ಕಪ್ಪು ಗೆಲ್ಲುತ್ತಿತ್ತು. ಯಾಕೆಂದು ಪ್ರತಿಸಲ ಸೋಲುವ ಹುಲಿಹೈದರದ ತಂಡದವರು ತಲೆ ಕೆರೆದುಕೊಂಡದ್ದೇ ಬಂತು. ಕಾರಣ ಮಾರೆವ್ವನ ಒಲೆಯ ಮೇಲಿತ್ತು. ನಾಯಕ ಗಾಳೇಶನ ತಾಯಿ ಆಕೆ. ಎದುರು ತಂಡ ಬಂದರೆ ಆಟಕ್ಕೆ ಮೊದಲೇ ಕೂಡಿಸಿ, ಹೋಳಿಗೆ ಮೇಲೆ ತುಪ್ಪ ಸುರಿಯುವಳು. ತನ್ನ ಊರಿನ ಹುಡುಗರಿಗೆ ಬರೀ ಮಜ್ಜಿಗೆ.

ಈ ಸಲ ಹೇಗೋ ಗುಟ್ಟು ತಿಳಿದ ಹುಲಿಹೈದರದವರು, “ಊಟ ಬ್ಯಾಡ್ರಿ ಯವ್ವಾ” ಎಂದು ಗಟ್ಟಿಯಾಗಿ ನಿಂತರು.

ಮಾರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬಡವರ ಮನಿ ಅನ್ನ ಸೇರಂಗಿಲ್ಲೇನ್ರಪಾ?”

ಅಷ್ಟೇ, ಎಲ್ಲರೂ ಕೂತರು. ಎದ್ದಮೇಲೆ ಓಡುವುದಿರಲಿ, ಬಗ್ಗಿ ಬೂಟಿನ ದಾರ ಕಟ್ಟಲೂ ಆಗಲಿಲ್ಲ.

ಸಂಜೆ ಕಪ್ಪು ಹಿಡಿದು ಬಂದ ಗಾಳೇಶ ಉಳಿದ ಹೋಳಿಗೆಗೆ ಕೈ ಹಾಕಿದ.

“ಮುಟ್ಟಬ್ಯಾಡ! ಅದು ಸೋತವರಿಗೆ ಬುತ್ತಿ.”

ಗಾಳೇಶ ಕಪ್ಪನ್ನು ನೆಲಕ್ಕೆ ಕುಕ್ಕಿದ. “ಮುಂದಿನ ವರ್ಷ ನಾ ಹುಲಿಹೈದರದ ಕಡೆ ಆಡ್ತೀನಿ, ತಗಿ!”