ಶ್ರೀಶೈಲನ ಹೊಸ ಹಾಸು

ಗುಡೂರಿನಿಂದ ಮಗ್ಗ ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಇಳಕಲ್ಲಿಗೆ ಬಂದು ನೆಲೆನಿಂತವನು ಲಕ್ಷ್ಮಪ್ಪ. ಬಣ್ಣ ಬಿಡುವ ನೂಲು ಕೊಟ್ಟ ಸಾಹುಕಾರನ ಬಿಳಿ ಗಾದಿಯ ಮೇಲೆಯೇ ಆ ನೂಲನ್ನು ಒದ್ದೆಮಾಡಿ ಹಿಂಡಿ ಬಂದ ಗಂಡಸು. ಅವನ ಮಗ ಅಂದಾನಪ್ಪ. ಸೀರೆಯ ದಡಿಯಲ್ಲಿ ಹೂ ಎತ್ತುವ ಡಾಬಿ ಯಂತ್ರ ಊರಿಗೆ ಹೊಸದಾಗಿ ಬಂದಾಗ, ಕಲಿಸಲು ಬಂದವನಿಗೆ ರೊಟ್ಟಿ ಉಣ್ಣಿಸಿ ಬಸ್ಸು ಹತ್ತಿಸಿ, ಡಾಬಿಯನ್ನು ಅಂಗಳದಲ್ಲಿ ಬಿಚ್ಚಿ ಹರವಿಕೊಂಡು ತಾನೇ ಕಲಿತ. ಈ ಅಂದಾನಪ್ಪನ ಮಗ ಶ್ರೀಶೈಲ.

ಶ್ರೀಶೈಲ ಮಗ್ಗಕ್ಕೆ ಕೂಡಲಿಲ್ಲ. ಬಾಗಲಕೋಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕದಿಂದ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು, ಸೀರೆ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಟ್ಟು ಸಂಸಾರ ತೂಗಿಸಿದ. ಜಾವಾದ ಶಿಸ್ತು ಅವನಿಗೆ ಮೈಗೆ ಹತ್ತಿತ್ತು. ಮೊದಲು ಕ್ಲಾಸ್ ಎಂಬ ಅಚ್ಚು ಮಾಡಬೇಕು. ಆ ಅಚ್ಚಿನಿಂದ ತೆಗೆದ ಪ್ರತಿಯೊಂದಕ್ಕೂ ಅದರದೇ ಸರಂಜಾಮು. ತಪ್ಪು ಬರೆದರೆ, ಬರೆದದ್ದನ್ನು ತಪಾಸಿಸುವ ಕಂಪೈಲರ್ ಹೊಸ್ತಿಲಲ್ಲೇ ಅಡ್ಡ ನಿಲ್ಲುತ್ತದೆ.

ಆಗ ಸಾಲಿ ಕಲಿತಾಗಿನ ಗೆಳೆಯ, ಸೀರೆ ಅಂಗಡಿಯ ಮುಕ್ತಾರ ಒಂದು ಬೇಡಿಕೆ ಇಟ್ಟ. ಗಿರಾಕಿಗಳು ಮೊಬೈಲಿನಲ್ಲಿಯೇ ಒಡಲು, ದಡಿ, ಸೆರಗಿನ ಬಣ್ಣ ಆರಿಸುವಂತಾಗಬೇಕು. ಲಗ್ನದ ಸುಗ್ಗಿಯೊಳಗೆ ಆಗದಿದ್ದರೆ ಕೆಲಸವನ್ನು ಹುಬ್ಬಳ್ಳಿಯ ಕಂಪನಿಯವರಿಗೆ ಕೊಡುವವನಿದ್ದ. ಮುಕ್ತಾರ ಕೈಬಿಟ್ಟರೆ ಉಳಿದ ಅಂಗಡಿಗಳೂ ಅವನ ಹಿಂದೆಯೇ ಹೋಗುತ್ತವೆ. ಅದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಬೇರೆ ಭಾಷೆ ಬೇಕು. ಹೆಸರಿನಲ್ಲಿ ಜಾವಾ ಇದ್ದುದನ್ನು ಕಂಡು ತಮ್ಮ ಬೀಗರ ಪೈಕಿಯೇ ಇರಬೇಕು ಅಂದುಕೊಂಡು ಶ್ರೀಶೈಲ ಕೂತ.

ಕೂತವನಿಗೆ ಹೇಸಿಕೆ ಬಂತು. ಅಂಕಿಯಲ್ಲದ, ಬರೀ ಅಕ್ಷರವಾದ ಐದರಿಂದ ಒಂದನ್ನು ಕಳೆ ಅಂದರೂ ನಾಲ್ಕು ಅನ್ನುತ್ತದೆ, ನಾಚಿಕೆಯಿಲ್ಲ. ಕೇಳಿದ ಸಾಮಾನು ಕೊಡದಿದ್ದರೂ ತಕರಾರಿಲ್ಲದೆ ಓಡುತ್ತದೆ. ಎಂಜಲು ಕೈಯಲ್ಲೇ ಬಡಿಸುವವರ ಮನೆಯಲ್ಲಿ ಉಂಡಂತಾಯಿತು ಅವನಿಗೆ. ಆದರೂ ಮೂಗು ಮುಚ್ಚಿಕೊಂಡು ಬರೆದ. ಪ್ರೋಗ್ರಾಮಿನೊಳಗೆ ಮೂಲ ಸೀರೆ ಅಂತ ಒಂದನ್ನು ಮಾಡಿ, ದಡಿಯ ಬಣ್ಣಗಳ ಪಟ್ಟಿಯನ್ನು ಅದರೊಳಗಿಟ್ಟು, ಉಳಿದವನ್ನೆಲ್ಲ ಅದರಿಂದ ಹುಟ್ಟಿಸಿದ.

ಅಂಗಡಿಯಲ್ಲಿ ತೋರಿಸುವ ದಿನ ಮುಕ್ತಾರನ ಹೆಂಡತಿ ಮಲಿಕಾ ಒಂದು ಸೀರೆಯ ದಡಿಗೆ ಹಸಿರು ಸೇರಿಸಿದಳು. ಪರದೆಯ ಮೇಲಿದ್ದ ಅಷ್ಟೂ ಸೀರೆಗಳ ದಡಿಗೆ ಹಸಿರು ಬಂತು. ಗಿರಾಕಿಗಳು ಸೆರಗು ಬಾಯಿಗಿಟ್ಟು ನಕ್ಕರು.

"ಲೇ ಶ್ರೀಶೈಲಾ," ಅಂದ ಮುಕ್ತಾರ, "ಒಬ್ಬಾಕಿ ಹಸರು ಕೇಳಿದ್ರ ಊರಿಗೆಲ್ಲಾ ಹಸರು ಉಡಸ್ತೀಯಲ್ಲೋ. ಸೋಮವಾರ ಹುಬ್ಬಳ್ಳಿಯವ್ರು ಬರ್ತಾರ. ಅದರೊಳಗ ಆದ್ರ ನೋಡು."

ಮನೆಗೆ ಬಂದರೆ ತಂಗಿಯ ಮಗಳು ನೇತ್ರಾ ಬಂದು ಕೂತಿದ್ದಳು. ಬಾಗಲಕೋಟೆಯಲ್ಲಿ ಇದೇ ಕೆಲಸ ಅವಳದು. ಬರೆದದ್ದನ್ನು ಒಂದು ಸಲ ನೋಡಿದಳು.

"ಮಾಮಾ, ಇದು ಅಚ್ಚಲ್ಲರಿ. ಹೊಸಾದು ಹಳೇದನ್ನ ನಕಲು ಮಾಡಂಗಿಲ್ಲ, ಅದಕ್ಕ ಜೋತು ಬಿದ್ದಿರ್ತೈತಿ. ತನ್ನ ಕಡೆ ಇಲ್ಲಂದ್ರ ಹಳೇದರಾಗ ಹುಡುಕ್ತೈತಿ. ನೀವು ಬಣ್ಣಾ ಇಟ್ಟದ್ದು ಹಳೇದರಾಗ."

ಶ್ರೀಶೈಲ ಮುಖ ಸಿಂಡರಿಸಿ ಅತ್ತ ತಿರುಗಿದ. ಪಡಸಾಲೆಯಲ್ಲಿ ಹೆಂಡತಿ ಸಂಗವ್ವ ಅಂದಾನಪ್ಪನ ಮಗ್ಗದ ಮುಂದೆ ಕೂತು, ಮುಗಿದ ಸೀರೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಹೊಸೆದು ಕಟ್ಟುತ್ತಿದ್ದಳು. ಮಗ್ಗದ ಮನೆಯಲ್ಲಿ ಹಳೆಯ ಹಾಸನ್ನು ಪೂರಾ ಕತ್ತರಿಸುವುದಿಲ್ಲ. ಗೇಣುದ್ದ ಉಳಿಸಿ ಅದಕ್ಕೇ ಹೊಸದನ್ನು ಕಟ್ಟುತ್ತಾರೆ. ಆದರೆ ಹೊಸ ಸೀರೆಯ ಬಣ್ಣವನ್ನು ಆ ಗೇಣುದ್ದದ ತುಂಡಿಗೆ ಯಾರೂ ಹಚ್ಚುವುದಿಲ್ಲ. ತೊಟ್ಟಿಲಿನಿಂದ ಕಂಡದ್ದು ಇದು. ಪುಸ್ತಕದ ಅಚ್ಚು ಹಿಡಿದು ಅದನ್ನೇ ಮರೆತಿದ್ದ. ಅವನಿಗೀಗ ಭಾಷೆಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಕೆಯಾಯಿತು. ಪ್ರತಿ ಸೀರೆಗೂ ಅದು ಹುಟ್ಟುವಾಗಲೇ ಅದರದೇ ಬಣ್ಣಗಳ ಪಟ್ಟಿ ಕೊಡಬೇಕು, ಅಷ್ಟೇ.

ಅಷ್ಟರಲ್ಲಿ ನೇತ್ರಾ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, ಸೋಮವಾರಕ್ಕೆ ಹೊತ್ತಿಲ್ಲ, ತಾನೇ ಪೂರಾ ಬರೆದು ಕೊಡುವುದಾಗಿ ಹೇಳಿದಳು. ಶ್ರೀಶೈಲ ಅದನ್ನು ಮೆಲ್ಲಗೆ ವಾಪಸು ಎಳೆದುಕೊಂಡ.

"ಬ್ಯಾಡ ನನ್ನವ್ವ. ಭಾಳ ಹೊಲಸು ಭಾಷಾ ಇದು, ಖರೆ. ಆದ್ರ ಹೊಲಸು ಮಾಡಿದಾಂವ ನಾ, ನಾನ ಬಳೀತೇನಿ. ನೀ ಚಾ ಕುಡದು ಬಸ್ಸಿಗೆ ಹೋಗು."