ಯಜಮಾನರು ‘ಇಲ್ಲ’ ಎಂದ ದಿನ

ಧನುರ್ಮಾಸದ ಒಂದು ಬೆಳಗ್ಗೆ ನಮ್ಮ ಯಜಮಾನರ ಕೈಯಿಂದ ಕಾಫಿ ಲೋಟ ಜಾರಿತು. ಬಿಸಿ ಕಾಫಿ ತೊಡೆಯ ಮೇಲೆ ಚೆಲ್ಲಿದರೂ ಅವರು ಹಾ ಎನ್ನಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. “ಏನಾಯ್ತು ರೀ” ಎಂದು ಓಡಿ ಬಂದ ನನ್ನ ಮುಖ ನೋಡಿ “ಆಯ್ತು” ಎಂದರು. “ತಲೆ ಸುತ್ತುತ್ತಾ?” “ಆಯ್ತು.” “ಎದೆ ನೋವಾ?” “ಆಯ್ತು.” ಆಮೇಲೆ ಚೈತ್ರ ಮಾಸದವರೆಗೂ ಆ ಒಂದು ಮಾತು ಬಿಟ್ಟು ಬೇರೆ ಮಾತು ಅವರ ಬಾಯಲ್ಲಿ ಬರಲಿಲ್ಲ. ಶಿವಮೊಗ್ಗದ ಕೋಟೆಯ ಆಂಜನೇಯ ಅವರ ಮಾತನ್ನು ಮರಳಿ ಕೊಟ್ಟ ರೀತಿ ನನ್ನಂತೆ ನಂಬಿದವರಿಗೂ, ನಂಬಿಕೆ ಅಲ್ಲಾಡುತ್ತಿರುವವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಭದ್ರಾವತಿಯ ಹಳೇನಗರದವರು. ಯಜಮಾನರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಓಣಿಗೆಲ್ಲ ನರಹರಿ ಮೇಷ್ಟ್ರು. ಮದುವೆಯಾದಾಗಿನಿಂದ ಯಾವುದಕ್ಕೂ ಒಂದೇ ಸಲಕ್ಕೆ ‘ಆಯ್ತು’ ಅಂದವರಲ್ಲ. ಬದನೆಕಾಯಿ ಹುಳಿ ಮಾಡಲಾ ಎಂದರೆ “ಯಾಕೆ, ಹೀರೆಕಾಯಿ ಸಿಗಲಿಲ್ವಾ” ಎನ್ನುವ ಸ್ವಭಾವ.

ಅವರಿಗೆ ಆಲ್ಪ್ಸ್ ಪರ್ವತವೆಂದರೆ ಪ್ರಾಣ. ಪಾಠ ಮಾಡಿ ಮಾಡಿ ಅಲ್ಲಿನ ಕಣಿವೆ, ಹಿಮನದಿ, ದನ ಮೇಯಿಸುವ ಹುಲ್ಲುಗಾವಲು ಎಲ್ಲ ಬಾಯಿಪಾಠವಾಗಿದ್ದವು. ಕಣ್ಣಿಗೆ ಕಂಡದ್ದು ಮಾತ್ರ ಪುಸ್ತಕದ ಚಿತ್ರ. ಅವರು ನಿವೃತ್ತರಾದ ಮೇಲೆ ಮಗ ಮಧು, ಹತ್ತಿರದ ಶಂಕರಘಟ್ಟಕ್ಕೆ ಮನೆಯಿಂದಲೇ ಕೆಲಸಕ್ಕೆ ಹೋಗಿಬರುವವನು, “ಒಂದ್ಸಲ ಹೋಗೇ ಬರೋಣ ಅಪ್ಪ” ಎಂದ. ಟೂರಿನವರ ಜೊತೆ ಹೋದರೆ ನಾಲ್ಕಾರು ದೇಶ ತೋರಿಸುತ್ತಾರೆ ಎಂದೂ ಹೇಳಿದ. ಇವರು ಒಪ್ಪಲಿಲ್ಲ.

“ಬೆಳಗ್ಗೆ ಒಂದು ದೇಶ, ಸಂಜೆ ಇನ್ನೊಂದು ದೇಶ. ಅದು ಪ್ರವಾಸ ಅಲ್ಲ ಕಣೋ, ಬಸ್ ಡ್ಯೂಟಿ. ಒಂದೇ ಹಳ್ಳಿ, ಅಡುಗೆಮನೆ ಇರೋ ಒಂದು ಮನೆ ಸಾಕು. ನಿಮ್ಮಮ್ಮ ತಿಳಿಸಾರು ಮಾಡ್ಲಿ. ನಾನು ಬೆಟ್ಟದ ಎದುರಿಗೆ ಕೂತಿರ್ತೀನಿ.”

ನನಗೂ ಒಳಗೊಳಗೇ ಆಸೆ. ಅಲ್ಲಿಯವರೆಗೆ ನಾವು ಊರು ಬಿಟ್ಟು ಹೋದದ್ದೆಲ್ಲ ಶೃಂಗೇರಿ, ಧರ್ಮಸ್ಥಳ, ಮಂತ್ರಾಲಯ. ಅಲ್ಲೆಲ್ಲ ಸರದಿ, ಮಡಿ, ತಿರುಗಿ ಬಸ್ಸು ಹಿಡಿಯುವ ಗಡಿಬಿಡಿ. ಸುಮ್ಮನೆ ಕೂರುವುದಕ್ಕೆಂದೇ ಹೋಗುವ ಊರು ಎಂಬುದು ನನಗೆ ಹೊಸದು. ಸೊಸೆ ಸೌಮ್ಯ ಮೊಬೈಲಿನಲ್ಲಿ ಮರದ ಮನೆಗಳನ್ನು ತೋರಿಸುತ್ತಿದ್ದಳು. ಕಿಟಕಿಯಲ್ಲಿ ಹೂಕುಂಡ, ಹಿಂದೆ ಬಿಳಿ ಬೆಟ್ಟ. ಜುಲೈಗೆ ಹೊರಡುವುದೆಂದು ಮಾತಾಗುತ್ತಿದ್ದಾಗಲೇ ಆ ಕಾಫಿ ಲೋಟ ಜಾರಿದ್ದು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಲಕ್ವ ಎಂದರು. “ಜೀವಕ್ಕೆ ಅಪಾಯ ಇಲ್ಲಮ್ಮ. ಮೆದುಳಲ್ಲಿ ಮಾತಿನ ಭಾಗಕ್ಕೆ ಪೆಟ್ಟು ಬಿದ್ದಿದೆ. ಮಾತು ಬರಬಹುದು, ಬರದೇನೂ ಇರಬಹುದು.” ದೇವರು ಏನೇನು ಉಳಿಸಿದ್ದಾನೆ ಎಂದು ನಾನು ಹುಡುಕತೊಡಗಿದೆ. ಎಡಗೈ ಚೆನ್ನಾಗಿತ್ತು. ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು. ನನ್ನ ಗುರುತು ಇತ್ತು. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ, ಯಾರೋ ಏನೋ, ನನಗೆ ಹೊದೆಯಲು ಒಂದು ಕಂಬಳಿ ಕೊಟ್ಟಳು. ಇದೂ ಅವನದೇ ದಯೆ ಎಂದುಕೊಂಡೆ.

ಯಜಮಾನರ ಅಕ್ಕ ಪದ್ಮತ್ತಿಗೆ ಶಿವಮೊಗ್ಗದಲ್ಲೇ, ಗೋಪಾಳದಲ್ಲಿದ್ದಾರೆ. ಆಸ್ಪತ್ರೆಗೆ ದಿನಾ ಊಟದ ಕ್ಯಾರಿಯರ್ ತಂದವರು ಅವರೇ, ಚುಚ್ಚಿದವರೂ ಅವರೇ. “ಅಲ್ಲ ಮಾರಾಯ್ತಿ, ಕಾಶಿ ನೋಡಿಲ್ಲ, ಬದರಿ ನೋಡಿಲ್ಲ. ಒಂದು ದೇವಸ್ಥಾನ ಇಲ್ಲದ ಊರಿಗೆ ಬೆಟ್ಟ ನೋಡೋಕೆ ಹೊರಟ್ರಲ್ಲ. ದೃಷ್ಟಿ ಆಗ್ದೇ ಇರುತ್ತಾ?” ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಮನೆಗೆ ಕರೆತಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಒಂದು ದಿನ ಬೆಳಗಿನಿಂದ ಅವರು ಕಣ್ಣಲ್ಲಿ ನೀರು ತುಂಬಿಕೊಂಡಿದ್ದರು. “ಹೊಟ್ಟೆ ನೋವಾ?” “ಆಯ್ತು.” “ಹಲ್ಲು ನೋವಾ?” “ಆಯ್ತು.” “ಏನೂ ನೋವಿಲ್ವಾ?” “ಆಯ್ತು.” ಹೊಟ್ಟೆಗೆ ಇಂಗು ಹಚ್ಚಿದೆ, ದವಡೆಗೆ ಲವಂಗ ಇಟ್ಟೆ. ಸಂಜೆ ಹಾಸಿಗೆ ಕೊಡವಲು ಎಬ್ಬಿಸಿದಾಗ ನೋಡಿದರೆ, ಮಡಚಿದ ದುಪ್ಪಟಿಯಲ್ಲಿ ಬಾಯಿ ಬಿಟ್ಟ ಒಂದು ಪಿನ್ನು. ಬೆನ್ನಿನಲ್ಲಿ ರಕ್ತ ಒಣಗಿತ್ತು. ಇಡೀ ದಿನ ಅದರ ಮೇಲೆ ಮಲಗಿದ್ದರು. ‘ಇಲ್ಲ’ ಎನ್ನಲು ಬಾರದವನಿಗೆ ‘ಹೌದು’ ಎನ್ನಲೂ ಬಾರದು ಎಂದು ಆಗ ನನಗೆ ಅರ್ಥವಾಯಿತು. ಎಲ್ಲದಕ್ಕೂ ಒಂದೇ ಉತ್ತರವಾದರೆ ಕೇಳುವ ನಾನು ಇದ್ದೂ ಇಲ್ಲದಂತೆ.

ಮುಂದಿನ ಶನಿವಾರ ಕೋಟೆಗೆ ಹೋದೆ. ಆಂಜನೇಯನನ್ನು ನೆನೆದರೆ ಮಾತು ತೊದಲುವುದಿಲ್ಲ ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಅವನ ಎದುರು ಸೆರಗೊಡ್ಡಿ ನಿಂತೆ. “ತಂದೆ, ಆ ಪ್ರವಾಸದ ಆಸೆ ಬಿಟ್ಟೆವು. ಇನ್ನು ನಮ್ಮ ಮನೆಯಲ್ಲಿ ಆ ಬೆಟ್ಟದ ಹೆಸರು ಎತ್ತೋದಿಲ್ಲ. ಇವರಿಗೆ ಮಾತು ಕೊಡು” ಎಂದು ಹರಕೆ ಹೇಳಿಕೊಂಡೆ. ಮನೆಗೆ ಬಂದು ಮಧುವಿಗೂ ಸೌಮ್ಯಳಿಗೂ ಹೇಳಿದೆ. ಪಾಸ್‌ಪೋರ್ಟುಗಳು ಬೀರುವಿನ ಒಳಗೆ ಸೇರಿದವು. ಶಿವರಾತ್ರಿ ಕಳೆಯಿತು, ಮಾಘ ಕಳೆಯಿತು. ಮಾತು ಬರಲಿಲ್ಲ.

ವಾರಕ್ಕೊಮ್ಮೆ ಅವರನ್ನು ಶಿವಮೊಗ್ಗಕ್ಕೆ ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತಿದ್ದೆ. ಇವರು ಮೆಟ್ಟಿಲು ಹತ್ತುವವರೆಗೂ ಕಂಡಕ್ಟರ್ ಸೀಟಿ ಊದದೆ ಕಾಯುತ್ತಿದ್ದ. ಅದನ್ನೂ ನಾನು ದೇವರ ಲೆಕ್ಕಕ್ಕೇ ಸೇರಿಸುತ್ತಿದ್ದೆ. ಒಂದು ವಾರ ಅಲ್ಲಿ ಮಾತು ಕಲಿಸುವ ಮೇಡಂ ಕೇಳಿದರು: “ಕಾಯಿಲೆಗೆ ಮುಂಚೆ ಇವರು ಯಾವ ವಿಷಯ ಎತ್ತಿದ್ರೆ ಮಾತು ನಿಲ್ಲಿಸ್ತಾ ಇರ್ಲಿಲ್ಲ?”

ನಾನು ತಲೆ ತಗ್ಗಿಸಿ ಆಲ್ಪ್ಸ್ ವಿಷಯ ಹೇಳಿದೆ.

“ಹಾಗಾದ್ರೆ ಅದನ್ನೇ ಮಾತಾಡಿ. ಇವರನ್ನ ಪ್ರಶ್ನೆ ಕೇಳ್ಬೇಡಿ, ಪರೀಕ್ಷೆ ಮಾಡ್ಬೇಡಿ. ಇವರ ಎದುರಿಗೆ ನೀವು ನೀವೇ ಪ್ರವಾಸದ ಪ್ಲ್ಯಾನ್ ಮಾಡಿ. ನಿಜವಾಗ್ಲೂ ಹೊರಟೋರ ಹಾಗೆ.”

ಯಾವುದನ್ನು ಬಿಡುತ್ತೇನೆಂದು ದೇವರಿಗೆ ಮಾತು ಕೊಟ್ಟಿದ್ದೆನೋ ಅದನ್ನೇ ಮಾಡಿ ಎನ್ನುತ್ತಿದ್ದಾರೆ. ಹರಕೆ ಮುರಿದರೆ ಇನ್ನೇನು ಕಾದಿದೆಯೋ, ಮುರಿಯದಿದ್ದರೆ ಇವರ ಗತಿಯೇನು. ಯಜಮಾನರನ್ನು ಪದ್ಮತ್ತಿಗೆ ಮನೆಯಲ್ಲಿ ಕೂರಿಸಿ ನೇರ ಕೋಟೆಗೆ ಹೋದೆ. ಮಧ್ಯಾಹ್ನದ ಮಂಗಳಾರತಿ ಮುಗಿದು ಅರ್ಚಕರು ಬಾಗಿಲು ಹಾಕುವುದರಲ್ಲಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ವಯಸ್ಸಾದವರು, ಬೀಗ ಕೈಯಲ್ಲಿ ಹಿಡಿದೇ ಕೇಳಿದರು.

“ಹರಕೆ ಅಂದ್ರೆ ನಮ್ಮದನ್ನ ಅವನಿಗೆ ಕೊಡೋದು ಅಲ್ವೇನಮ್ಮ?” ಎಂದರು.

“ಹೌದು.”

“ಆ ಬೆಟ್ಟ ನೋಡೋ ಆಸೆ ಯಾರದು? ಮೇಷ್ಟ್ರುದ್ದು. ಅವರದನ್ನ ನೀವು ಹೇಗೆ ಕೊಡ್ತೀರಿ? ಪಕ್ಕದ ಮನೆ ಹಿತ್ತಲಿನ ತೆಂಗಿನಕಾಯಿ ತಂದು ಇಲ್ಲಿ ಒಡೆದ ಹಾಗೆ ಆಯ್ತಲ್ಲ. ಅವನು ಆ ಹರಕೆ ತಗೊಂಡೇ ಇಲ್ಲ, ಹೋಗಿ.” ಕೈಗೆ ಒಂದಿಷ್ಟು ತೀರ್ಥ ಹಾಕಿ, “ಬೆಟ್ಟ ಅಂದ್ರೆ ಇವನಿಗೇನು ಸಿಟ್ಟಾ? ಹೊತ್ಕೊಂಡೇ ಬಂದೋನು” ಎಂದು ನಕ್ಕರು.

ಬಸ್ಸಿನಲ್ಲಿ ಭದ್ರಾವತಿ ಬರುವವರೆಗೂ ಯಜಮಾನರ ಭುಜಕ್ಕೆ ತಲೆಯಿಟ್ಟು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ಅವರು ಎಡಗೈಯಿಂದ ನನ್ನ ಕೈ ತಟ್ಟಿ “ಆಯ್ತು, ಆಯ್ತು” ಎನ್ನುತ್ತಿದ್ದರು.

ಅಂದಿನಿಂದ ಪ್ರತಿ ಸಂಜೆ ಅವರ ಕುರ್ಚಿಯ ಸುತ್ತ ನಮ್ಮ ಪ್ರವಾಸದ ಸಭೆ. ಯಾವ ಹಳ್ಳಿ, ಯಾವ ಮನೆ, ಸಾರಿನಪುಡಿ ಎಷ್ಟು, ಕುಕ್ಕರ್ ಒಯ್ಯಬೇಕೇ ಬೇಡವೇ. ಮೊದಮೊದಲು ನಾಟಕದ ಹಾಗಿತ್ತು. ಆಮೇಲಾಮೇಲೆ ನಾವೇ ಅದರಲ್ಲಿ ಮುಳುಗಿದೆವು. ಮಧು ರೈಲಿನ ದಾರಿ ಓದುತ್ತಿದ್ದ. ಯಜಮಾನರ ಕಣ್ಣು ಒಬ್ಬರಿಂದ ಒಬ್ಬರಿಗೆ ಹರಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಬರುತ್ತಿದ್ದುದು ಮಾತ್ರ ಅದೇ ‘ಆಯ್ತು’.

ರಾಮನವಮಿ ಬಂತು. ಪದ್ಮತ್ತಿಗೆ ಗೋಪಾಳದಿಂದ ಕೋಸಂಬರಿ ಡಬ್ಬಿ ಹಿಡಿದು ಬಂದಿದ್ದರು. ಪೂಜೆ ಮುಗಿದು ಎಲ್ಲರೂ ಪಾನಕ ಕುಡಿಯುತ್ತಾ ಕೂತೆವು. ಮಧು, “ಜುಲೈನಲ್ಲೇ ಚೆನ್ನಾಗಿರುತ್ತಂತೆ. ದಿನಾ ಬೆಟ್ಟದ ಕಾಲುದಾರೀಲಿ ಒಂದು ಗಂಟೆ ನಡೀಬಹುದಂತೆ” ಎಂದ.

ನನಗೆ ಅಲ್ಲಿಯವರೆಗೆ ಹೊಳೆಯದ ವಿಷಯ ಆಗ ಹೊಳೆಯಿತು. “ಜುಲೈ ಅಂದ್ರೆ ಆಷಾಢ ಅಲ್ವೇನೋ? ಆಷಾಢದಲ್ಲಿ ಯಾರಾದ್ರೂ ಬೆಟ್ಟ ಹತ್ತುತ್ತಾರಾ? ಜಡಿಮಳೆ. ಹುಲ್ಲಲ್ಲಿ ಕಾಲಿಟ್ರೆ ಇಂಬಳ ಹತ್ಕೊಂಡು ರಕ್ತ ಹೀರುತ್ತೆ. ನಿಮ್ಮಪ್ಪನ ಬಲಗಾಲಿಗೆ ಸರಿಯಾಗಿ ಸ್ಪರ್ಶ ಬೇರೆ ಇಲ್ಲ, ಕಚ್ಚಿದ್ರೂ ಗೊತ್ತಾಗಲ್ಲ.”

ನಾನು ತೀರ್ಥಹಳ್ಳಿ ಕಡೆ ಹುಟ್ಟಿ ಬೆಳೆದವಳು. ಆಷಾಢ, ಬೆಟ್ಟ, ಇಂಬಳ ಈ ಮೂರನ್ನು ಬೇರೆ ಮಾಡಿ ನನಗೆ ಗೊತ್ತೇ ಇಲ್ಲ. ಪದ್ಮತ್ತಿಗೆಗೂ ಗೊತ್ತಿರಲಿಲ್ಲ. “ಹೌದಲ್ಲ” ಎಂದು ತಲೆದೂಗಿದರು. “ಸುಣ್ಣ, ಹೊಗೆಸೊಪ್ಪು ತಗೊಂಡು ಹೋಗಿ. ಬಟ್ಟೇಲಿ ಕಟ್ಟಿ ಕಾಲಿಗೆ ಒರೆಸ್ಕೊಂಡ್ರೆ ಹತ್ತಲ್ಲ.”

“ವಿಮಾನದಲ್ಲಿ ಸುಣ್ಣ ಬಿಡ್ತಾರಾ?” ಎಂದು ನಾನು ನಿಜವಾದ ಚಿಂತೆಯಿಂದಲೇ ಮಧುವನ್ನು ಕೇಳಿದೆ.

“ಇಲ್ಲ.”

ಹೇಳಿದವನು ಮಧುವಲ್ಲ. ನಾನು ತಿರುಗಿ ನೋಡಿದೆ. ಯಜಮಾನರ ಮುಖ ಕೆಂಪಾಗಿತ್ತು. ತಪ್ಪು ಉತ್ತರ ಕೇಳಿದಾಗ ತರಗತಿಯಲ್ಲಿ ಬರುತ್ತಿದ್ದ ಮುಖವೇ ಇರಬೇಕು ಅದು. ಎಡಗೈ ಎತ್ತಿ ಗಾಳಿಯಲ್ಲಿ ಅಡ್ಡ ಆಡಿಸಿದರು.

“ಇಲ್ಲ. ಇಂಬಳ... ಇಲ್ಲ. ಅಲ್ಲಿ...” ಮುಂದಿನ ಮಾತಿಗೆ ತಡಕಾಡಿದರು. ಕುತ್ತಿಗೆಯ ನರ ಉಬ್ಬಿತು. “ಅಲ್ಲಿ ಬೇ... ಬೇಸಿಗೆ.”

ಸೌಮ್ಯಳ ಕೈಯಲ್ಲಿದ್ದ ಪಾನಕ ಚೆಲ್ಲಿತು. ಮಧು ಅಪ್ಪನ ಮಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, “ಜುಲೈನಲ್ಲಾ ಅಪ್ಪ?” ಎಂದ.

“ಬೇಸಿಗೆ” ಎಂದರು ಮತ್ತೆ, ಇಷ್ಟೂ ಗೊತ್ತಿಲ್ಲವಾ ಎನ್ನುವಂತೆ ನನ್ನ ಕಡೆ ನೋಡಿ.

ಪದ್ಮತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅಳುತ್ತಲೇ, “ಇಂಬಳ ಅಂದ್ರೆ ಇವನಿಗೆ ಮಾತು ಬರುತ್ತೆ ಅಂತ ಮೊದಲೇ ಗೊತ್ತಿದ್ರೆ ಕೋಸಂಬರಿ ಡಬ್ಬೀಲಿ ಅದನ್ನೇ ತುಂಬ್ಕೊಂಡು ಬರ್ತಿದ್ನಲ್ಲ ಮಾರಾಯ್ತಿ” ಎಂದರು. ನಾನು ದೇವರ ಮುಂದೆ ಹೋಗಿ ಕೂತೆ. ಹೊರಗೆ ಅವರು ಇನ್ನೂ “ಇಲ್ಲ, ಇಲ್ಲ” ಎನ್ನುತ್ತಿದ್ದುದು ಕೇಳುತ್ತಿತ್ತು. ಅಷ್ಟು ಒಳ್ಳೆಯ ನಾಮಸ್ಮರಣೆಯನ್ನು ನಾನು ಕೇಳಿರಲಿಲ್ಲ.

ಡಾಕ್ಟರಿಗೆ ಹೇಳಿದಾಗ, “ಇಂಥ ಕಾಯಿಲೆಯಲ್ಲಿ ಕೆಲವರಿಗೆ ಮಾತು ನಿಧಾನವಾಗಿ ಮರಳುತ್ತೆ, ಸಿಟ್ಟು ಬಂದಾಗ ತಟ್ಟನೆ ಬರೋದೂ ಉಂಟು” ಎಂದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಯಾವ ಪ್ರವಾಸವನ್ನು ಪಾಪವೆಂದು ದೂರ ತಳ್ಳಿದ್ದೆನೋ ಅದರ ದಾರಿಯಲ್ಲೇ ಆ ಸ್ವಾಮಿ ನಮ್ಮ ಮನೆಗೆ ಬಂದ. ದೇವಸ್ಥಾನವಿಲ್ಲದ ಊರು ಎಂದು ಪದ್ಮತ್ತಿಗೆ ಅಂದಿದ್ದರು. ಅವನಿಲ್ಲದ ಊರು ಯಾವುದೂ ಇಲ್ಲ ಎಂಬುದು ನನಗೆ ಈಗ ಓದಿ ತಿಳಿದ ಮಾತಲ್ಲ.

ಈ ಜುಲೈನಲ್ಲಿ ನಾವು ಹೋಗಲಿಲ್ಲ. ರಕ್ತದೊತ್ತಡ ಹಿಡಿತಕ್ಕೆ ಬರಲಿ, ಬರುವ ವರ್ಷ ನೋಡೋಣ ಎಂದಿದ್ದಾರೆ ಡಾಕ್ಟರು. ಹೋಗುತ್ತೇವೋ ಇಲ್ಲವೋ ಅವನ ಚಿತ್ತ. ಸಂಜೆಯ ಸಭೆ ಮಾತ್ರ ನಿಂತಿಲ್ಲ. ಮೊನ್ನೆ ಮಧು ಇನ್ನೊಂದು ಊರನ್ನೂ ಸೇರಿಸಲು ನೋಡಿದ. “ಬೇಡ. ಓಡೋದು ಬೇಡ” ಎಂದರು. ಪದಗಳು ಒಂದೊಂದಾಗಿ, ತಡೆತಡೆದು ಬರುತ್ತವೆ. ಬೆಳಗ್ಗೆ ಹುಳಿಗೆ ಏನು ಹಾಕಲಿ ಎಂದರೆ ಮೂಗು ಮುರಿಯುತ್ತಾರೆ. ನನಗೆ ಅದೇ ಹಬ್ಬ.

ಶ್ರಾವಣದ ಶನಿವಾರ ಅವರನ್ನೇ ಕೋಟೆಗೆ ಕರೆದುಕೊಂಡು ಹೋದೆ. ಜನ ಬಹಳವಿದ್ದರು. ಅರ್ಚನೆಗೆ ನಿಂತಾಗ ಅರ್ಚಕರು ನನ್ನನ್ನು ಕೇಳದೆ ನೇರ ಅವರ ಕಡೆ ತಿರುಗಿ, “ಹೆಸರು, ಗೋತ್ರ, ನಕ್ಷತ್ರ ಹೇಳಿ ಮೇಷ್ಟ್ರೇ” ಎಂದರು. ನಾನು ಬಾಯಿ ತೆರೆಯಲು ಹೋದೆ, ಅರ್ಚಕರು ಕಣ್ಣಲ್ಲೇ ತಡೆದರು.

“ನ... ನರಹರಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಾಶ್ಯಪ.” ನಕ್ಷತ್ರಕ್ಕೆ ಬಂದು ಮಾತು ಸಿಕ್ಕಿಹಾಕಿಕೊಂಡಿತು. ಅರ್ಚಕರು ಕೈಯಲ್ಲಿ ತುಳಸಿ ಹಿಡಿದು ಕಾದರು. ಹಿಂದಿನ ಸಾಲೆಲ್ಲ ಕಾಯಿತು. ಒಬ್ಬರೂ ಗೊಣಗಲಿಲ್ಲ.

“ರೋಹಿಣಿ” ಎಂದರು ಕೊನೆಗೆ, ಗೆದ್ದವರ ಹಾಗೆ.

ಅವರದು ಉತ್ತರಾಷಾಢ. ರೋಹಿಣಿ ನನ್ನ ನಕ್ಷತ್ರ. ನಾನು ತಿದ್ದಲಿಲ್ಲ. ಅವರ ಹೆಸರಿಗೆ ನನ್ನ ನಕ್ಷತ್ರ ಸೇರಿಸಿ ಅರ್ಚಕರು ಸಂಕಲ್ಪ ಮಾಡಿದರು. ಸ್ವಾಮಿ ಅದನ್ನು ಹಾಗೆಯೇ ತೆಗೆದುಕೊಂಡ ಎಂದು ನಾನು ಬಲ್ಲೆ.