ಎಕ್ಸ್-ರೇ ಕೋಣೆಯಲ್ಲಿ ತೆಗೆಸಿದ ತಾಳಿ

ಸಕಲೇಶಪುರದ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವುದು ನನ್ನ ಕೆಲಸ. ನಮ್ಮ ಕಡೆ ಹೆಂಗಸರ ಕೊರಳಲ್ಲಿ ತಾಳಿ ಒಂದೇ ಇರುವುದಿಲ್ಲ. ಅದರ ಜೊತೆ ನಾಲ್ಕೈದು ಪಿನ್ನು, ಬೀರುವಿನ ಬೀಗದ ಕೈ ಎಲ್ಲ ನೇತಾಡುತ್ತಿರುತ್ತವೆ. ಎದೆಯ ಫಿಲ್ಮಿನಲ್ಲಿ ಅವೆಲ್ಲ ಶ್ವಾಸಕೋಶದ ಮೇಲೇ ಬಿಳಿಯಾಗಿ ಕಾಣುತ್ತವೆ. ತೆಗೆಯಿರಿ ಎಂದರೆ ಯಾರು ತೆಗೆಯುತ್ತಾರೆ? ಅದಕ್ಕೆ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ತಾಳಿಯನ್ನು ಮೇಲೆತ್ತಿ ಹಲ್ಲಲ್ಲಿ ಕಚ್ಚಿಕೊಳ್ಳಿ ಎನ್ನುತ್ತಿದ್ದೆವು. ತಾಳಿ ಕೊರಳಲ್ಲೇ ಉಳಿಯುತ್ತಿತ್ತು, ಫಿಲ್ಮೂ ಚೆನ್ನಾಗಿ ಬರುತ್ತಿತ್ತು.

ಕೊರೊನಾ ಬಂದು ಆ ಉಪಾಯಕ್ಕೆ ಕಲ್ಲು ಹಾಕಿತು. ರೋಗಿಗಳು ಮಾಸ್ಕ್ ಇಳಿಸುವಂತಿರಲಿಲ್ಲ. ಒಬ್ಬರು ಹೊರಗೆ ಹೋದ ಮೇಲೆ ಪ್ಲೇಟು, ಸ್ಟ್ಯಾಂಡು ಎಲ್ಲ ಒರೆಸಿಯೇ ಇನ್ನೊಬ್ಬರನ್ನು ಕರೆಯಬೇಕಿತ್ತು. ಹೊರಗೆ ಗೇಟಿನವರೆಗೆ ಸಾಲು. ಮೊದಲೇ ನನ್ನ ಬಾಯಿ ಜೋರು, ಪಿಪಿಇ ಕಿಟ್ಟಿನೊಳಗೆ ಬೆಂದು ಇನ್ನೂ ಜೋರಾಗಿತ್ತು.

ಒಂದು ಬೆಳಿಗ್ಗೆ ಹೆತ್ತೂರು ಕಡೆಯ ಗಂಡ ಹೆಂಡತಿ ಒಂದೇ ಜೀಪಿನಲ್ಲಿ ಬಂದರು. ಗಂಡನನ್ನು ನೇರವಾಗಿ ಆಕ್ಸಿಜನ್ ವಾರ್ಡಿಗೆ ಒಯ್ದರು, ಹೆಂಡತಿಯನ್ನು ನನ್ನ ಕೋಣೆಗೆ ಕಳಿಸಿದರು. ಆಕೆ ಹಿಂದೊಮ್ಮೆ ಎಕ್ಸ್-ರೇಗೆ ಬಂದಿದ್ದವರಿರಬೇಕು. ನಾನು ಹೇಳುವ ಮೊದಲೇ ಮಾಸ್ಕ್ ಇಳಿಸಿ ತಾಳಿ ಕಚ್ಚಲು ಹೋದರು. ಗದರಿಸಿದೆ. ಬಿಚ್ಚಿ ಈ ಕವರಿಗೆ ಹಾಕಿ ಎಂದೆ. ಅವರು ಎರಡೂ ಕೈಯಲ್ಲಿ ತಾಳಿಯನ್ನು ಮುಚ್ಚಿಕೊಂಡರು.

"ಅವ್ರು ಅಲ್ಲಿ ಉಸಿರಿಗೆ ಒದ್ದಾಡ್ತಾವ್ರೆ ಕಣವ್ವ. ಇವತ್ತೊಂದಿನ ಬ್ಯಾಡ."

"ಒಂದು ನಿಮಿಷಕ್ಕೆ ಏನೂ ಆಗಲ್ಲ, ತೆಗೀರಿ ಅಕ್ಕ."

ತೆಗೆದರು. ಫಿಲ್ಮ್ ಒಂದೇ ಸಲಕ್ಕೆ ಸರಿಯಾಗಿ ಬಂತು. ಕವರಿನ ಮೇಲೆ ಸ್ಯಾನಿಟೈಸರ್ ಹೊಡೆದು ಹಿಂದಕ್ಕೆ ಕೊಟ್ಟೆ. ಅವರು ತಾಳಿಯನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಂಡರು.

ಅದೇ ಸಂಜೆ ಗಂಡ ತೀರಿಕೊಂಡರು. ತಾಳಿ ತೆಗೆದಿದ್ದಕ್ಕೆ ಯಾರೂ ಸಾಯುವುದಿಲ್ಲ ಎಂದು ನನಗೆ ಗೊತ್ತು. ಅವರ ಶ್ವಾಸಕೋಶ ಬರುವಾಗಲೇ ಕೈಕೊಟ್ಟಿತ್ತು. ಗೊತ್ತಿದ್ದು ಏನು ಬಂತು? ಮರುದಿನ ಮೊದಲು ಬಂದ ಹೆಂಗಸಿನ ತಾಳಿಯನ್ನು ನಾನೇ ಹೆಗಲ ಮೇಲಕ್ಕೆ ಎಳೆದು, ಎರಡಂಗುಲ ಪ್ಲಾಸ್ಟರ್ ಹರಿದು ಅಂಟಿಸಿದೆ. ಅಷ್ಟೇ ಸಾಕಾಗಿತ್ತು. ಆ ಪ್ಲಾಸ್ಟರ್ ಹಿಂದಿನ ದಿನವೂ ಅದೇ ಟ್ರೇಯಲ್ಲಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಅಂದಿನಿಂದ ಒಬ್ಬರ ತಾಳಿಯನ್ನೂ ನಾನು ತೆಗೆಸಿಲ್ಲ.

ಹೋದ ವರ್ಷ ಕೆಮ್ಮು ಎಂದು ಒಬ್ಬ ಹೆಂಗಸು ಬಂದರು. ನಾನು ಮುಖ ನೋಡಲೂ ಇಲ್ಲ. ಅಭ್ಯಾಸಬಲದಿಂದ ಪ್ಲಾಸ್ಟರ್ ಹರಿದು ಹಿಡಿದು, ತಾಳಿ ಹೆಗಲ ಮೇಲೆ ಹಾಕಿಕೊಳ್ಳಿ, ಅಂಟಿಸುತ್ತೇನೆ ಎಂದೆ. ಅವರು ಕದಲಲಿಲ್ಲ. ನನ್ನ ದನಿಯನ್ನು ಗುರುತು ಹಿಡಿದಿದ್ದರು.

"ಅವತ್ತೇ ನಿನ್ನ ಕೈಗೆ ತೆಗೆದು ಕೊಟ್ನಲ್ಲವ್ವ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಬರಿಗೊರಳಲ್ಲಿ ಹೋಗಿ ಪ್ಲೇಟಿಗೆ ಎದೆ ಒತ್ತಿ ನಿಂತರು, ನಾನು ಹೇಳುವ ಮೊದಲೇ ಉಸಿರು ಬಿಗಿಹಿಡಿದರು. ಗುಂಡಿ ಒತ್ತಬೇಕಿತ್ತು. ಪ್ಲಾಸ್ಟರ್ ನನ್ನ ಬೆರಳಿಗೇ ಅಂಟಿಕೊಂಡಿತ್ತು.